ಸೆಲೂನಿನ ಬಾಗಿಲಲ್ಲಿ ತಿರುಗುವ ಕಂಬ: ಅದು ಬರೀ ಬಣ್ಣವಲ್ಲ ಸ್ವಾಮಿ, ರಕ್ತ!

ನಿಟ್ಟೂರಿನಲ್ಲಿ ಸಂಜೆ ಹೊತ್ತು ಬಸ್ಸಿಗೆ ಕಾಯುವವರಿಗೆ ಎರಡೇ ಕೆಲಸ. ತುಮಕೂರು ಕಡೆಯಿಂದಲೋ ತಿಪಟೂರು ಕಡೆಯಿಂದಲೋ ಬರುವ ಬಸ್ಸಿನ ಬೋರ್ಡು ಓದುವುದು ಒಂದು. ಅದು ನಮ್ಮ ಬಸ್ಸಲ್ಲ ಅಂತ ಖಾತ್ರಿಯಾದ ಮೇಲೆ ಎದುರಿನ ಅಂಗಡಿಗಳನ್ನು ನೋಡುತ್ತ ನಿಲ್ಲುವುದು ಇನ್ನೊಂದು. ಹಾಗೆ ನೋಡುವಾಗ ಕಣ್ಣು ತಾನಾಗಿ ಎಳೆದುಕೊಂಡು ಹೋಗುವ ವಸ್ತುವೊಂದು ಈ ಹೆದ್ದಾರಿ ಬದಿಯ ಊರುಗಳಿಗೆಲ್ಲ ಈಚಿನ ವರ್ಷಗಳಲ್ಲಿ ಬಂದಿದೆ. ಕಟಿಂಗ್ ಶಾಪಿನ ಬಾಗಿಲ ಪಕ್ಕ ಗೋಡೆಗೆ ಹೊಡೆದ ಗಾಜಿನ ಕೊಳವೆ. ಅದರೊಳಗೆ ಕೆಂಪು, ಬಿಳಿ, ನೀಲಿ ಪಟ್ಟೆ ಸುತ್ತಿಕೊಂಡು ಒಂದೇ ಸಮ ಮೇಲೇರುತ್ತಿರುತ್ತದೆ. ಏರುತ್ತದೆ, ಏರುತ್ತದೆ, ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ!

ಅದೇನು ಅಂತ ಕೇಳಿ ನೋಡಿ. ‘ಡೆಕೋರೇಷನ್ನು’ ಅಂತಾರೆ ಒಬ್ಬರು. ‘ಫಾರಿನ್ ಸ್ಟೈಲು ಕಣ್ರೀ’ ಅಂತಾರೆ ಇನ್ನೊಬ್ಬರು. ಅಂಗಡಿ ಓಪನ್ ಇದೆ ಅಂತ ದೂರದಿಂದಲೇ ಗೊತ್ತಾಗಲಿ ಅಂತ ಹಾಕಿದ್ದು ಎನ್ನುವವರೂ ಉಂಟು. ಮೂರೂ ಸುಳ್ಳಲ್ಲ. ಆದರೆ ಅಸಲು ಸಂಗತಿ ಬೇರೆ. ಆ ಕೆಂಪು ಪಟ್ಟೆ ಮನುಷ್ಯನ ರಕ್ತ. ಬಿಳಿ ಪಟ್ಟೆ ಆ ರಕ್ತ ಒರೆಸಿ ಕಟ್ಟಿದ ಬಟ್ಟೆ. ಕಂಬ ಅನ್ನುವುದು ರೋಗಿ ಮುಷ್ಟಿ ಬಿಗಿದು ಹಿಡಿದುಕೊಳ್ಳುತ್ತಿದ್ದ ಕೋಲು.

ಕೂದಲು ಕತ್ತರಿಸುವ ಅಂಗಡಿಗೂ ರೋಗಿಗೂ ಏನು ಸಂಬಂಧ ಅಂತೀರಾ? ಬನ್ನಿ, ಬಸ್ಸು ಬರುವುದು ಇನ್ನೂ ತಡ ಇದೆ.

ಕತ್ತಿ ಹಿಡಿದ ಕೈ

ಏಳೆಂಟು ನೂರು ವರ್ಷದ ಹಿಂದಿನ ಯುರೋಪು. ಜ್ವರ ಬಂದರೂ ತಲೆನೋವು ಬಂದರೂ ಮೈಯಲ್ಲಿ ಕೆಟ್ಟ ರಕ್ತ ಸೇರಿದೆ, ಅದನ್ನು ಹರಿಸಬೇಕು ಅನ್ನುವುದು ಆಗಿನ ವೈದ್ಯರ ನಂಬಿಕೆ. ನಮ್ಮಲ್ಲಿ ವಾತ, ಪಿತ್ತ, ಕಫ ಇದ್ದ ಹಾಗೆ ಅವರದು ನಾಲ್ಕು ರಸಗಳ ಲೆಕ್ಕ. ಓದಿದ ವೈದ್ಯ ಮಹಾಶಯರು ನಾಡಿ ನೋಡಿ, ಮೂತ್ರದ ಬಣ್ಣ ನೋಡಿ, ಲ್ಯಾಟಿನ್‌ನಲ್ಲಿ ನಾಲ್ಕು ಮಾತಾಡಿ ಹೊರಟುಹೋಗುತ್ತಿದ್ದರು. ಕತ್ತಿ ಮುಟ್ಟುವುದು ಅವರ ಘನತೆಗೆ ಕಡಿಮೆ. ಪಾದ್ರಿಗಳಿಗಂತೂ 1215ರಲ್ಲಿ ರೋಮ್ ನಗರದ ಲ್ಯಾಟರನ್ ಧರ್ಮಸಭೆ ಕಟ್ಟಪ್ಪಣೆಯನ್ನೇ ಮಾಡಿತು. ಕೊಯ್ಯುವ, ಸುಡುವ ಚಿಕಿತ್ಸೆಗೆ ಕೈ ಹಾಕಬೇಡಿ ಅಂತ.

ಹಾಗಾದರೆ ಕೊಯ್ಯುವವರು ಯಾರು? ಮಠಗಳಿಗೆ ಸನ್ಯಾಸಿಗಳ ತಲೆ ಬೋಳಿಸಲು ಹೋಗುತ್ತಿದ್ದ ಕ್ಷೌರಿಕ! ಹರಿತವಾದ ಕತ್ತಿ ಇದ್ದದ್ದು ಅವನ ಹತ್ತಿರ, ನಡುಗದ ಕೈ ಇದ್ದದ್ದೂ ಅವನಿಗೇ. ರಕ್ತ ಬಿಡುವುದು, ಹಲ್ಲು ಕೀಳುವುದು, ಕುರು ಒಡೆಯುವುದು, ಮೂಳೆ ಕೂಡಿಸುವುದು, ಯುದ್ಧಕ್ಕೆ ಹೋದರೆ ಸೈನಿಕರ ಕೊಳೆತ ಕಾಲು ಕತ್ತರಿಸುವುದು, ಎಲ್ಲ ಅವನ ಪಾಲಿಗೆ ಬಂತು.

ರೋಗಿ ಒಂದು ಕೋಲನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಆಗ ಮೊಣಕೈ ಮಡಿಕೆಯ ನರ ಉಬ್ಬುತ್ತದೆ. ಕ್ಷೌರಿಕ ಅಲ್ಲಿ ಒಂದು ಗೀರು ಎಳೆದು ಹಿತ್ತಾಳೆ ಬೋಗುಣಿ ಹಿಡಿಯುತ್ತಾನೆ. ಕೆಲಸ ಮುಗಿದ ಮೇಲೆ ಪಟ್ಟಿ ಬಟ್ಟೆಗಳನ್ನು ಒಗೆದು ಅದೇ ಕೋಲಿಗೆ ಸುತ್ತಿ ಬಾಗಿಲಾಚೆ ಒಣಗಲು ಇಡುತ್ತಾನೆ. ಕಲೆ ಉಳಿದ ಬಟ್ಟೆ ಗಾಳಿಗೆ ಕೋಲನ್ನು ತಿರುಪು ತಿರುಪಾಗಿ ಸುತ್ತಿಕೊಳ್ಳುತ್ತದೆ. ಇದೇ ಕಂಬದ ಹುಟ್ಟು ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಕೆಲವು ಹಳೇ ಕಂಬಗಳ ತುದಿಯಲ್ಲಿ ಇರುವ ಹಿತ್ತಾಳೆ ಗುಂಡು ಆ ಬೋಗುಣಿಯ ಗುರುತಂತೆ. ಓದು ಬಾರದ ಜನಕ್ಕೆ ಬೋರ್ಡಿಗಿಂತ ಇಂಥ ಗುರುತೇ ಲೇಸಲ್ಲವೆ?

ಕಂಬಕ್ಕಿಂತ ಮುಂಚೆ ಇನ್ನೂ ಭಯಂಕರ ಜಾಹೀರಾತೊಂದು ಇತ್ತು. ಲಂಡನ್ನಿನ ಕೆಲವು ಕ್ಷೌರಿಕರು ರಕ್ತ ತುಂಬಿದ ಪಾತ್ರೆಯನ್ನೇ ಕಿಟಕಿಯಲ್ಲಿಟ್ಟು ಗಿರಾಕಿ ಕರೆಯುತ್ತಿದ್ದರು! 1307ರಲ್ಲಿ ನಗರದ ಆಡಳಿತ ಅದನ್ನು ನಿಷೇಧಿಸಿತು. ರಕ್ತವನ್ನು ಸದ್ದಿಲ್ಲದೆ ಥೇಮ್ಸ್ ನದಿಗೆ ಒಯ್ದು ಚೆಲ್ಲಬೇಕು, ಇಲ್ಲದಿದ್ದರೆ ದಂಡ. ನದಿಯ ಗತಿ ಏನಾಯ್ತು ಅಂತ ಆಗಲೂ ಯಾರೂ ಕೇಳಿದ ಹಾಗಿಲ್ಲ ಬಿಡಿ.

1540ರಲ್ಲಿ ಎಂಟನೇ ಹೆನ್ರಿ ರಾಜನ ಕಾಲಕ್ಕೆ ಕ್ಷೌರಿಕರು ಮತ್ತು ಶಸ್ತ್ರವೈದ್ಯರು ಇಬ್ಬರನ್ನೂ ಸೇರಿಸಿ ಒಂದೇ ಸಂಘ ಮಾಡಿದರು. ಅಂಗರಚನೆ ಕಲಿಯಲು ಗಲ್ಲಿಗೇರಿದವರ ನಾಲ್ಕು ಹೆಣ ವರ್ಷಕ್ಕೆ ಆ ಸಂಘಕ್ಕೆ ಸಿಗುತ್ತಿತ್ತು. ಆದರೆ ಅದೇ ಕಾನೂನು ಒಳಗೇ ಒಂದು ಗೆರೆಯನ್ನೂ ಎಳೆಯಿತು. ಕ್ಷೌರಿಕ ಹಲ್ಲು ಕೀಳಬಹುದು, ಮಿಕ್ಕ ಶಸ್ತ್ರಚಿಕಿತ್ಸೆ ಮಾಡಕೂಡದು. ಶಸ್ತ್ರವೈದ್ಯ ಗಡ್ಡ ಹೆರೆಯಕೂಡದು. ಕಡೆಗೆ 1745ರಲ್ಲಿ ಶಸ್ತ್ರವೈದ್ಯರು ಸಂಘವನ್ನೇ ಒಡೆದುಕೊಂಡು ಹೊರಟರು. 1800ರಲ್ಲಿ ಅವರಿಗೆ ರಾಯಲ್ ಕಾಲೇಜು ಆಯಿತು. ಕ್ಷೌರಿಕನಿಗೆ ಉಳಿದದ್ದು ಕುರ್ಚಿ, ಕನ್ನಡಿ, ಮತ್ತೆ ಈ ಕಂಬ.

ಒಂದು ಋಣ ಮಾತ್ರ ಇನ್ನೂ ತೀರಿಲ್ಲ. ಇಂಗ್ಲೆಂಡಿನಲ್ಲಿ ಇವತ್ತಿಗೂ ದೊಡ್ಡ ಸರ್ಜನ್ನರನ್ನು ‘ಡಾಕ್ಟರ್’ ಅಂತ ಕರೆಯುವುದಿಲ್ಲ, ‘ಮಿಸ್ಟರ್’ ಅಂತಲೇ ಕರೆಯುವುದು. ಕಾಲೇಜು ಮೆಟ್ಟಿಲು ಹತ್ತದೆ ಅಂಗಡಿಯಲ್ಲಿ ಕೈಕೆಲಸ ಕಲಿತವರ ಪೀಳಿಗೆ ಅದು. ಅದನ್ನವರು ಹೆಮ್ಮೆ ಅಂತಲೇ ಇಟ್ಟುಕೊಂಡಿದ್ದಾರೆ. ಫ್ರಾನ್ಸಿನಲ್ಲಿ ಕ್ಷೌರಿಕನ ಹತ್ತಿರ ಕೆಲಸಕ್ಕಿದ್ದ ಆಂಬ್ರುವಾಸ್ ಪಾರೆ ಎಂಬ ಹುಡುಗ ಮುಂದೆ ನಾಲ್ವರು ದೊರೆಗಳಿಗೆ ಶಸ್ತ್ರವೈದ್ಯನಾದ. ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುತ್ತಿದ್ದ ಕಾಲದಲ್ಲಿ, 1537ರ ಯುದ್ಧವೊಂದರಲ್ಲಿ ಎಣ್ಣೆ ಮುಗಿದುಹೋಗಿ, ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನು ಕಲಸಿ ಹಚ್ಚಿದ. ಬೆಳಿಗ್ಗೆ ನೋಡಿದರೆ ಎಣ್ಣೆ ಸುರಿಸಿಕೊಂಡವರು ನರಳುತ್ತಿದ್ದರು, ಮುಲಾಮು ಹಚ್ಚಿಸಿಕೊಂಡವರು ನೆಮ್ಮದಿಯಾಗಿದ್ದರು. ಆವತ್ತಿನಿಂದ ಎಣ್ಣೆಗೆ ವಿದಾಯ.

ರಕ್ತ ಬಿಡುವ ವೈದ್ಯವೇ ತಪ್ಪು ಅಂತ ಗೊತ್ತಾಗಲು ಇನ್ನೂ ಕಾಲ ಬೇಕಾಯಿತು. 1799ರಲ್ಲಿ ಅಮೆರಿಕದ ಜಾರ್ಜ್ ವಾಷಿಂಗ್ಟನ್ ಗಂಟಲು ಬೇನೆಯಿಂದ ಸತ್ತಾಗ ಕಡೇ ದಿನ ಅವರ ಮೈಯಿಂದ ಸೇರುಗಟ್ಟಲೆ ರಕ್ತ ತೆಗೆದಿದ್ದರು.

ಬೈಗುಳವಾದ ಬಿರುದು

ಇದೆಲ್ಲ ಬಿಳಿಯರ ಕತೆಯಾಯ್ತು, ನಮಗೇನು ಅನ್ನಬೇಡಿ. ನಮ್ಮ ಊರಿನ ಬಾಯಲ್ಲೇ ಒಂದು ಶಬ್ದ ಉಂಟು. ‘ಹಜಾಮ’. ಆ ಸಮುದಾಯದವರಿಗೆ ಎದೆಗೆ ಚುಚ್ಚುವ ಶಬ್ದ. ಯಾರನ್ನಾದರೂ ಹಗುರ ಮಾಡಬೇಕಾದರೆ ರಾಜಕಾರಣಿಗಳಿಂದ ಹಿಡಿದು ಬಸ್ಸಿನಲ್ಲಿ ಸೀಟಿಗೆ ಜಗಳ ಆಡುವವರತನಕ ಬಾಯಿಗೆ ಬರುವ ಮಾತು. ಇದು ಎಲ್ಲಿಂದ ಬಂತು ಗೊತ್ತೇ? ಅರಬ್ಬಿ ಭಾಷೆಯ ‘ಹಜ್ಜಾಮ್’ ಶಬ್ದದಿಂದ. ಅದರ ಅರ್ಥ ಕೂದಲು ಕತ್ತರಿಸುವವನು ಅಂತ ಅಲ್ಲವೇ ಅಲ್ಲ! ಕೊಂಬೋ ಬಟ್ಟಲೋ ಹಚ್ಚಿ ಕೆಟ್ಟ ರಕ್ತ ಹೀರಿ ತೆಗೆಯುವವನು, ಅಂದರೆ ಚಿಕಿತ್ಸೆ ಮಾಡುವವನು ಅಂತ. ‘ಹಿಜಾಮಾ’ ಎಂಬ ಹೆಸರಲ್ಲಿ ಆ ಚಿಕಿತ್ಸೆ ಇವತ್ತಿಗೂ ನಡೆಯುತ್ತದೆ.

ಈಗ ನೋಡಿ ತಮಾಷೆ. ಬಾಗಿಲಲ್ಲಿ ತಿರುಗುವ ಕೆಂಪು ಬಿಳಿ ಕಂಬದ ಅರ್ಥವೂ ಅದೇ, ಈ ಬೈಗುಳದ ಅರ್ಥವೂ ಅದೇ. ಇಂಗ್ಲಿಷಿನ ಕಂಬವನ್ನು ದುಡ್ಡು ಕೊಟ್ಟು ತಂದು ದೀಪ ಹಾಕಿ ತೂಗುಹಾಕುತ್ತೇವೆ. ಅರಬ್ಬಿಯ ಶಬ್ದವನ್ನು ಮಾತ್ರ ಕಲ್ಲಿನ ಹಾಗೆ ಬೀಸುತ್ತೇವೆ. ಶಬ್ದ ಮಾಡಿದ ತಪ್ಪೇನೂ ಇಲ್ಲ, ಆಡುವ ನಾಲಿಗೆಯದೇ ಎಲ್ಲ. 2009ರಲ್ಲಿ ಶಾರುಖ್ ಖಾನ್ ತಯಾರಿಸಿದ ‘ಬಿಲ್ಲು ಬಾರ್ಬರ್’ ಚಿತ್ರಕ್ಕೆ ಕ್ಷೌರಿಕರ ಸಂಘದವರು ಆಕ್ಷೇಪ ಎತ್ತಿದಾಗ ಬಾರ್ಬರ್ ಪದ ತೆಗೆದು ಬರೀ ‘ಬಿಲ್ಲು’ ಅಂತ ಮಾಡಿದರು. ಇಂಗ್ಲಿಷ್ ಶಬ್ದಕ್ಕೇ ಅಷ್ಟು ನೋವಾದರೆ ನಮ್ಮ ಶಬ್ದಕ್ಕೆ ಎಷ್ಟಾಗಬೇಡ?

ತಮಿಳು ಸೀಮೆಯಲ್ಲಿ ಈ ಸಮುದಾಯಕ್ಕೆ ‘ಮರುತ್ತುವರ್’ ಎಂದೇ ಒಂದು ಹೆಸರು. ನಮ್ಮ ‘ಮದ್ದು’ ಅವರ ‘ಮರುಂದು’. ಮರುತ್ತುವರ್ ಅಂದರೆ ವೈದ್ಯರು. ಗಂಡಸರು ಕುರು ಕೊಯ್ದರೆ ಹೆಂಗಸರು ಹೆರಿಗೆ ಮಾಡಿಸುತ್ತಿದ್ದರು.

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಕತ್ತಿಯ ಜೊತೆ ಓಲಗವೂ ಇವರದೇ. ನಾಗಸ್ವರ, ಡೋಲು ಇಲ್ಲದೆ ಮದುವೆ ಇಲ್ಲ. ಇವರು ಬಾರದೆ ಮದುವೆ ಗಂಡಿನ ಗಡ್ಡ ಇಳಿಯುವುದಿಲ್ಲ. ಸಾವಾದರೂ ತಲೆ ಬೋಳಿಸಲು ಇವರೇ ಬರಬೇಕು. ತಿರುಪತಿಗೋ ಮಾದಪ್ಪನ ಬೆಟ್ಟಕ್ಕೋ ಮುಡಿ ಹರಕೆ ಹೊತ್ತು ಹೋದರೆ ದೇವರಿಗಿಂತ ಮೊದಲು ಇವರ ಮುಂದೆ ತಲೆ ಬಾಗಿಸಬೇಕು. ಇಷ್ಟೆಲ್ಲಾ ಇದ್ದೂ ಮದುವೆ ಮನೆಯ ಊಟದ ಪಂಕ್ತಿ ಬಂದಾಗ ಓಲಗದವರ ಎಲೆ ಎಲ್ಲಿ ಬೀಳುತ್ತಿತ್ತು ಅನ್ನುವುದನ್ನು ಹಿರೀಕರನ್ನೇ ಕೇಳಿ.

ಹಿಂದಕ್ಕೆ ಹೋದರೆ ಗೌರವಕ್ಕೇನೂ ಕೊರತೆಯಿಲ್ಲ. ಬುದ್ಧನ ಶಿಷ್ಯ ಉಪಾಲಿ ಶಾಕ್ಯರ ಕ್ಷೌರಿಕ. ಬುದ್ಧ ತೀರಿಕೊಂಡ ಮೇಲೆ ಸೇರಿದ ಮೊದಲ ಮಹಾಸಭೆಯಲ್ಲಿ ಭಿಕ್ಷುಗಳ ಶಿಸ್ತಿನ ನಿಯಮಗಳನ್ನೆಲ್ಲ ಒಪ್ಪಿಸಿ ಹೇಳಿದವನು ಅವನೇ ಎಂದು ಬೌದ್ಧ ಗ್ರಂಥಗಳು ಹೇಳುತ್ತವೆ. 12ನೇ ಶತಮಾನದ ಕಲ್ಯಾಣದಲ್ಲಿ ಹಡಪದ ಅಪ್ಪಣ್ಣ ಬಸವಣ್ಣನವರ ತೀರ ಹತ್ತಿರದ ಶರಣ. ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಈಗ ಹಡಪದ ಅಪ್ಪಣ್ಣ ಜಯಂತಿ, ಸವಿತಾ ಮಹರ್ಷಿ ಜಯಂತಿಗಳನ್ನು ಸರ್ಕಾರವೇ ಮಾಡುತ್ತದೆ. ಹೂವಿನ ಹಾರ ಆಯಿತು, ಭಾಷಣ ಆಯಿತು.

ಕತ್ತಿಯ ಮಾತು ಬಂದಿದ್ದಕ್ಕೆ ಮೈಸೂರಿನದೇ ಒಂದು ಕತೆ ಹೇಳಿಬಿಡುತ್ತೇನೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬುವನು ಟಿಪ್ಪು ಸೈನ್ಯದ ಕೈಗೆ ಸಿಕ್ಕ. ಮೂಗು ಕುಯ್ಯಿಸಿಕೊಂಡು ಬಂದ. ಸುಮಾರು ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಇವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ! ಇಬ್ಬರು ಇಂಗ್ಲಿಷ್ ವೈದ್ಯರು ಪಕ್ಕದಲ್ಲಿ ನಿಂತು ನೋಡಿದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಚಿತ್ರ ಸಮೇತ ಅಚ್ಚು ಹಾಕಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಸರ್ಜನ್ನು ವರ್ಷಗಟ್ಟಲೆ ಹೆಣಗಳ ಮೇಲೆ ಅಭ್ಯಾಸ ಮಾಡಿ 1814ರಲ್ಲಿ ಅಲ್ಲಿ ಅದೇ ಆಪರೇಷನ್ ಮಾಡಿದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಪುಸ್ತಕಗಳಲ್ಲಿ ಈ ಕತೆ ಇದೆ. ಕಾರ್ಪ್ಯೂ ಹೆಸರು ಉಳಿಯಿತು. ಇಟ್ಟಿಗೆಯವನ ಹೆಸರನ್ನು ಪತ್ರಿಕೆ ಬರೆದುಕೊಳ್ಳಲೇ ಇಲ್ಲ.

ಕಂಬ ಯಾಕೆ ಇರಲಿಲ್ಲ?

ಇಷ್ಟು ಕತ್ತಿ, ಇಷ್ಟು ವೈದ್ಯ ನಮ್ಮಲ್ಲೂ ಇದ್ದ ಮೇಲೆ ನಮ್ಮ ಕ್ಷೌರಿಕರಿಗೆ ಕಂಬ ಯಾಕೆ ಇರಲಿಲ್ಲ? ಉತ್ತರ ಸಲೀಸು. ಅಂಗಡಿಯೇ ಇರಲಿಲ್ಲವಲ್ಲ! ಅಂಗಡಿ ಇಟ್ಟುಕೊಂಡು ಕೂತವನಿಗೆ ಗುರುತಿನ ಕಂಬ ಬೇಕು. ನಮ್ಮಲ್ಲಿ ಗಿರಾಕಿ ಕ್ಷೌರಿಕನ ಹತ್ತಿರ ಹೋಗುತ್ತಿರಲಿಲ್ಲ, ಕ್ಷೌರಿಕನೇ ಪೆಟ್ಟಿಗೆ ಹಿಡಿದು ಮನೆ ಬಾಗಿಲಿಗೆ ಬರಬೇಕು.

ಹನ್ನೆರಡು ಆಯಗಾರರು ಅಂತ ಕೇಳಿರುತ್ತೀರಿ. ಕಮ್ಮಾರ, ಬಡಗಿ, ಅಗಸ, ಕುಂಬಾರ ಇವರ ಸಾಲಿನಲ್ಲೇ ಕ್ಷೌರಿಕ. ವರ್ಷವೆಲ್ಲ ಊರಿನ ತಲೆ ನೋಡಿಕೊಳ್ಳುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಇಷ್ಟು ಮೊರ ರಾಗಿ ಅಂತ ತನ್ನ ಆಯ ಪಡೆಯುವುದು. ಈ ಬರಹಗಾರನ ಬಾಲ್ಯದಲ್ಲೂ ಅದರ ಬಾಲ ಉಳಿದಿತ್ತು. ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಕೂರಿಸಿ, ಮಂಡಿಗಳ ನಡುವೆ ತಲೆ ಸಿಕ್ಕಿಸಿಕೊಂಡು, ತೊಗಲಿನ ಪಟ್ಟಿಗೆ ಕತ್ತಿ ಮಸೆಯುವ ಸದ್ದು. ಕಡೆಗೆ ಉರಿಯುವ ಪಟಿಕದ ಗಡ್ಡೆ. ಅತ್ತರೆ ಇನ್ನೂ ಎರಡು ಕಡೆ ಗಾಯ. ಸ್ಟೈಲು ಗೀಲು ಅಂತ ಕೇಳುವ ಹಾಗಿಲ್ಲ, ಎಲ್ಲರಿಗೂ ಒಂದೇ ಬಟ್ಟಲು ಕಟ್ಟು.

ಈ ವ್ಯವಸ್ಥೆಯಲ್ಲಿ ಪ್ರೀತಿ ವಿಶ್ವಾಸ ಇರಲಿಲ್ಲ ಅಂತಲ್ಲ. ಆದರೆ ಕ್ಷೌರಿಕ ಯಾವ ಮನೆಗೆ ಹೋಗಬೇಕು ಅನ್ನುವುದು ಊರಿನ ತೀರ್ಮಾನ, ಅವನದಲ್ಲ. ಅವನು ಹೋಗದ ಕೇರಿಯೂ ಇತ್ತಲ್ಲ! ಆ ಕೇರಿಯವರು ತಲೆ ಎಲ್ಲಿ ಕೊಡಬೇಕು? ತಮ್ಮತಮ್ಮೊಳಗೇ ಯಾರೋ ಕತ್ತರಿ ಹಿಡಿಯಬೇಕು, ಇಲ್ಲವೆ ಸಂತೆ ದಿನ ಗುರುತು ಸಿಗದ ಊರಿಗೆ ಹೋಗಬೇಕು.

ಅಂಗಡಿ ಬಂದದ್ದರಿಂದ ಆದ ದೊಡ್ಡ ಬದಲಾವಣೆ ಇದು. ಕುರ್ಚಿ, ಕನ್ನಡಿ, ರೇಟು ಬೋರ್ಡು. ಆಯ ಇಲ್ಲ, ಕಾಸು. ಒಳಗೆ ಬಂದವನು ಗಿರಾಕಿ, ಅಷ್ಟೇ. ರಾಗಿ ಮೊರಕ್ಕೆ ಕಾಯುತ್ತಿದ್ದ ಮನುಷ್ಯ ತಾನೇ ಅಂಗಡಿಯ ಯಜಮಾನ. ಮಂಗಳವಾರ ರಜ ಅಂದರೆ ರಜ, ಎಂಥ ಸಾಹುಕಾರ ಬಂದರೂ ಷಟರ್ ಏಳುವುದಿಲ್ಲ.

ಈ ‘ಅಂಗಡಿ’ ಎಂಬ ಮಾತಿನ ಮೇಲೆ ದೆಹಲಿಯ ಸಂವಿಧಾನ ಸಭೆಯಲ್ಲೇ ಚರ್ಚೆ ಆಗಿದೆ. 1948ರ ನವೆಂಬರ್ 29. ಜಾತಿ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಗೆ ಬಿಡದೆ ಇರಕೂಡದು ಎಂಬ ವಿಧಿ ಸಭೆಯ ಮುಂದಿತ್ತು. ಅಂಗಡಿ ಅಂದರೆ ಯಾವುದು ಯಾವುದು ಅಂತ ಪ್ರಶ್ನೆ ಎದ್ದಿತು. ಡಾ. ಅಂಬೇಡ್ಕರ್ ಕೊಟ್ಟ ವಿವರಣೆಯ ತಾತ್ಪರ್ಯ ಇಷ್ಟು: ಸಾಮಾನು ಮಾರುವ ಜಾಗ ಮಾತ್ರ ಅಂಗಡಿಯಲ್ಲ, ಬಂದವರಿಗೆ ತನ್ನ ಸೇವೆ ಕೊಡಲು ಸಿದ್ಧವಾಗಿ ಕೂತ ಪ್ರತಿ ಜಾಗವೂ ಅಂಗಡಿಯೇ, ಕ್ಷೌರಿಕನದೂ ಸೇರಿ. ಈಗ ಅದು ಸಂವಿಧಾನದ 15ನೇ ವಿಧಿ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಬಂದು ಸೇವೆ ನಿರಾಕರಿಸುವುದು ಶಿಕ್ಷೆಯ ಅಪರಾಧವೂ ಆಯಿತು.

ಕಾಗದದಲ್ಲಿ ಆಯಿತು. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಸುದ್ದಿ ನೆನಪಿರಬಹುದು. ದಲಿತರಿಗೆ ಕಟಿಂಗ್ ಮಾಡಿದ ಅಂತ ಕ್ಷೌರಿಕನಿಗೆ 50,000 ರೂಪಾಯಿ ದಂಡ, ಮೇಲೆ ಬಹಿಷ್ಕಾರ! ಅಂಗಡಿ ತೆರೆದಿಟ್ಟವನಿಗೇ ಶಿಕ್ಷೆ. ಅದೇ ಸುಮಾರಿಗೆ ಸಮಾಜ ಕಲ್ಯಾಣ ಇಲಾಖೆ ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರಿ ಕ್ಷೌರದಂಗಡಿ ತೆರೆಯುವ ಪ್ರಸ್ತಾಪ ಎತ್ತಿತ್ತು. ಸರ್ಕಾರಿ ಬಸ್ಸು, ಸರ್ಕಾರಿ ಆಸ್ಪತ್ರೆ ಸರಿ, ಸರ್ಕಾರಿ ಕಟಿಂಗೂ ಬೇಕಾಯಿತು ಅಂದರೆ ಊರು ಎಲ್ಲಿ ನಿಂತಿದೆ ನೋಡಿ. ಇಂಥ ಕಡೆಯೆಲ್ಲ ಬೈಸಿಕೊಳ್ಳುವವನು ಕ್ಷೌರಿಕ. ಅವನ ಹಿಂದೆ ಜಗಲಿ ಮೇಲೆ ಕೂತು ಕಣ್ಣು ಬಿಡುವ ದೊಡ್ಡವರ ಹೆಸರು ಎಫ್‌ಐಆರ್‌ಗೆ ಬರುವುದು ಅಪರೂಪ.

ಹೆದ್ದಾರಿ ಬದಿಯ ಊರಿಗೆ ಒಂದು ಅನುಕೂಲ ಉಂಟು. ನಿಟ್ಟೂರಿನಂಥ ಕಡೆ ಬಸ್ಸಿಳಿದು ಬಂದವನ ಕೇರಿ ಯಾವುದು ಅಂತ ವಿಚಾರಿಸುತ್ತ ಕೂತರೆ ವ್ಯಾಪಾರ ನಡೆಯುವುದಿಲ್ಲ.

ಏರದೆ ಏರುವ ಪಟ್ಟೆ

ಕಂಬದ ಪಟ್ಟೆ ಮೇಲೇರುತ್ತದೆ ಅಂದೆನಲ್ಲ, ಅದು ಕಣ್ಣಿನ ಮೋಸ. ಒಳಗಿನ ಕೊಳವೆ ಬುಗುರಿಯ ಹಾಗೆ ಅಡ್ಡಕ್ಕೆ ಸುತ್ತುತ್ತದೆ ಅಷ್ಟೆ, ಒಂದಿಂಚೂ ಏರುವುದಿಲ್ಲ. ಪಟ್ಟೆ ಓರೆಯಾಗಿರುವುದರಿಂದ, ಕೊಳವೆ ಉದ್ದವಾಗಿರುವುದರಿಂದ ಕಣ್ಣಿಗೆ ಹಾಗೆ ಕಾಣುತ್ತದೆ. ನಂಬಿಕೆ ಇಲ್ಲದಿದ್ದರೆ ಬಾಟಲಿಗೆ ಕೆಂಪು ಟೇಪನ್ನು ಓರೆಯಾಗಿ ಸುತ್ತಿ ತಿರುಗಿಸಿ ನೋಡಿ. ನೀಲಿ ಪಟ್ಟೆಯ ಬಗ್ಗೆ ಜಗಳ ಇದೆ. ಅಶುದ್ಧ ರಕ್ತದ ನಾಳ ಅಂತ ಕೆಲವರು, ಅಮೆರಿಕದವರು ತಮ್ಮ ಬಾವುಟದ ಬಣ್ಣ ಸೇರಿಸಿಕೊಂಡರು ಅಂತ ಕೆಲವರು. 1797ರಲ್ಲಿ ಇಂಗ್ಲೆಂಡಿನ ಮೇಲ್ಮನೆಯಲ್ಲಿ ಥರ್ಲೋ ಪ್ರಭು ಆಡಿದ ಮಾತಿನ ಪ್ರಕಾರ ಕ್ಷೌರಿಕರದು ನೀಲಿ ಬಿಳಿ, ಸರ್ಜನ್ನರ ಕಂಬಕ್ಕೆ ಮಾತ್ರ ಕೆಂಪು ಬಟ್ಟೆ. ನಮ್ಮ ಅಂಗಡಿಯವರಿಗೆ ಆ ಚಿಂತೆ ಇಲ್ಲ. ಪ್ಲಗ್ಗು ಚುಚ್ಚಿದರೆ ತಿರುಗುತ್ತದೆ, ಕರೆಂಟು ಹೋದರೆ ನಿಲ್ಲುತ್ತದೆ.

2020ರ ಮಾರ್ಚಿನಲ್ಲಿ ಕರೆಂಟು ಇದ್ದೂ ನಿಂತಿತ್ತು. ಲಾಕ್‌ಡೌನು. ಮೇ 19ರ ತನಕ ರಾಜ್ಯದ ಸೆಲೂನುಗಳೆಲ್ಲ ಬಂದ್. ದಿನದ ದುಡಿಮೆಯವರಿಗೆ ಸುಮಾರು ಎರಡು ತಿಂಗಳು. ಮೇ 6ರಂದು ಯಡಿಯೂರಪ್ಪನವರ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಸಾರಿತು. ಅರ್ಜಿ, ಲೈಸೆನ್ಸು, ಪ್ರಮಾಣಪತ್ರ ಅಂತ ಅಲೆದವರನ್ನು ಕೇಳಿದರೆ ಕತೆ ಉದ್ದ ಆಗುತ್ತದೆ. ಆ ದಿನಗಳಲ್ಲಿ ಮನೆಯಲ್ಲೇ ಹೆಂಡತಿ ಕೈಲಿ ತಲೆ ಕೊಟ್ಟು ಬೀದಿಗೆ ಬರಲಾರದೆ ಕೂತ ಗಂಡಸರಿಗೆ ಈ ಕಸುಬಿನ ಬೆಲೆ ಗೊತ್ತಾಯಿತು ಅಂತ ಕಾಣುತ್ತದೆ.

ರಕ್ತದಿಂದ ಶುರುವಾದ ಕಂಬ, ರಕ್ತದ ಮಾತು ಇನ್ನೂ ಮುಗಿದಿಲ್ಲ. ತೊಗಲಿಗೆ ಮಸೆಯುತ್ತಿದ್ದ ಕತ್ತಿ ಒಂದೇ ಇತ್ತು, ಅದು ಊರಿನ ಗಡ್ಡಕ್ಕೆಲ್ಲ ಆಗುತ್ತಿತ್ತು. ಒಬ್ಬನ ಗೀರಿನ ರಕ್ತ ಇನ್ನೊಬ್ಬನ ಗೀರಿಗೆ ತಾಗಿದರೆ ಕಾಮಾಲೆಯ ಹೆಪಟೈಟಿಸ್ ಬಿ ವೈರಸ್ಸು ದಾಟಬಹುದು. ಒಣಗಿದ ರಕ್ತದಲ್ಲೂ ಅದು ಏಳು ದಿನ ಬದುಕಿರಬಲ್ಲದು. ಎಚ್‌ಐವಿ ಭಯ ಬಂದ ಮೇಲೆ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂತು, ಹಳೇ ಕತ್ತಿ ಪೆಟ್ಟಿಗೆ ಸೇರಿತು. ಹೆಚ್ಚಿನ ಅಂಗಡಿಗಳಲ್ಲಿ ಈಗ ಕೇಳದೆಯೇ ಬ್ಲೇಡು ಬದಲಿಸುತ್ತಾರೆ. ಬ್ಲೇಡನ್ನು ಕಾಗದದ ಸಮೇತ ಎರಡು ತುಂಡು ಮಾಡುವಾಗ ‘ಟಕ್’ ಅಂತ ಒಂದು ಸಣ್ಣ ಸದ್ದು ಬರುತ್ತದೆ. ಕುರ್ಚಿಯಲ್ಲಿ ಕಣ್ಣು ಮುಚ್ಚುವ ಮೊದಲು ಆ ಸದ್ದು ಕಿವಿಗೆ ಬೀಳದಿದ್ದರೆ ಸಂಕೋಚ ಬೇಡ, ಕೇಳಿಬಿಡಿ. ಕೇಳುವಾಗ ಹೆಸರು ಹಿಡಿದು, ಬಹುವಚನದಲ್ಲಿ ಕೇಳಿ.